ಸುಲ್ತಾನ ಓಡಿಹೋಗದ ಸುರಂಗ

ಬೀದರಿನಲ್ಲಿ ಕೋಟೆಯ ಮಾತು ಬಂದಾಗಲೆಲ್ಲ ಅದು ಸುತ್ತಿ ಬಳಸಿ ಸುರಂಗಕ್ಕೇ ಬಂದು ನಿಲ್ಲುತ್ತಿತ್ತು. ನೆಲದ ಕೆಳಗೆ ಒಂದು ಗುಪ್ತ ದಾರಿಯಿದೆ, ವೈರಿ ಮುತ್ತಿಗೆ ಹಾಕಿದರೆ ಸುಲ್ತಾನ ರಾಣಿವಾಸದೊಂದಿಗೆ, ಖಜಾನೆಯೊಂದಿಗೆ ಅದರಲ್ಲಿಳಿದು ಊರಾಚೆ ಏಳುತ್ತಿದ್ದ ಎಂದು ಹಿರಿಯರು ಹೇಳುತ್ತಿದ್ದರು. ಸಾಕ್ಷಿ ಕೇಳಿದವರಿಗೆ ನೌಬಾದ್ ಕಡೆಯ ಬಯಲು ತೋರಿಸುತ್ತಿದ್ದರು. ಅಲ್ಲಿನ ಕೆಂಪು ನೆಲದಲ್ಲಿ ಹಳೆಯ ಬಾವಿಗಳು ಬಾಯಿ ತೆರೆದುಕೊಂಡಿದ್ದವು. ಬಗ್ಗಿ ನೋಡಿದರೆ ಆಳದಲ್ಲಿ ಕತ್ತಲು. ತಳದಲ್ಲಿ ಗೋಡೆಯನ್ನು ಕೊರೆದುಕೊಂಡು ಒಂದು ದಾರಿ ಆ ಕಡೆಗೂ ಈ ಕಡೆಗೂ ಹೋಗುತ್ತಿತ್ತು. ಜನ ಅದನ್ನು ಸುರಂಗ ಬಾವಿ ಎಂದರು. ಹೆಸರು ಬಿದ್ದ ಮೇಲೆ ಕತೆಗೆ ಬೇರೆ ಆಧಾರ ಬೇಕಾಗಲಿಲ್ಲ.

ಇಂಥ ಕತೆ ಬೀದರಿಗೊಂದೇ ಮೀಸಲಾಗಿರಲಿಲ್ಲ. ಬೆಂಗಳೂರಿನ ಕೋಟೆಯ ಹೆಸರೆತ್ತಿದರೂ ಯಾರಾದರೊಬ್ಬರು ಟಿಪ್ಪುವಿನ ಸುರಂಗವನ್ನು ನಂದಿಬೆಟ್ಟದವರೆಗೋ ಶ್ರೀರಂಗಪಟ್ಟಣದವರೆಗೋ ಎಳೆದೊಯ್ಯುತ್ತಿದ್ದರು. ದೂರದ ಸ್ಪೇನಿನಲ್ಲಿ, ಗ್ರನಾಡದ ಗುಡ್ಡದ ಮೇಲೆ ಮೂರ್ ಅರಸರು ಕಟ್ಟಿದ ಅಲ್‌ಹಂಬ್ರ ಅರಮನೆಯ ಸುತ್ತಲೂ ಇದೇ ನಡೆದಿತ್ತು. 1492ರಲ್ಲಿ ಕೊನೆಯ ಅರಸ ಬೋಅಬ್ದಿಲ್ ಕೋಟೆ ಒಪ್ಪಿಸಿ ಹೊರಟ. ಅವನು ಹೊರಬಿದ್ದ ಬಾಗಿಲಿನ ಗೋಪುರದಡಿ ಏಳು ಪಾತಾಳದ ಅಂತಸ್ತುಗಳಿವೆ, ಅಲ್ಲಿ ಮೂರ್ ಅರಸರ ಚಿನ್ನವಿದೆ, ರಾತ್ರಿ ತಲೆಯಿಲ್ಲದ ಕುದುರೆ ಕಾವಲು ತಿರುಗುತ್ತದೆ ಎಂದು ಜನ ನಂಬಿದರು. 1829ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಆ ಪಾಳುಬಿದ್ದ ಅರಮನೆಯಲ್ಲೇ ತಂಗಿದ್ದು, ಅಲ್ಲಿನವರ ಬಾಯಿಂದ ಕೇಳಿದ ಕತೆಗಳನ್ನು 1832ರಲ್ಲಿ ಪುಸ್ತಕ ಮಾಡಿದ. ಆ ಅರಮನೆಯ ನಿಜವಾದ ಅದ್ಭುತ ಮಾತ್ರ ಎಲ್ಲರ ಕಣ್ಣೆದುರೇ ಹರಿಯುತ್ತಿತ್ತು. ದಾರ್ರೊ ನದಿಯ ನೀರನ್ನು ಮೇಲೆಯೇ ತಡೆದು, ಕಾಲುವೆ ತೋಡಿ, ಅಷ್ಟೆತ್ತರದ ಗುಡ್ಡದ ತಲೆಗೆ ತಂದಿದ್ದರು. ಕಾರಂಜಿಗಳು ಕುಣಿದದ್ದು ಆ ನೀರಿನಿಂದ. ಚಿನ್ನ ಹುಡುಕುವವರು ಗೋಪುರದ ಬುಡವನ್ನೇ ಅಗೆದರು.

ಬೀದರಿನ ಕತೆಗಳಲ್ಲಿಯೂ ನೀರೇ ತುಂಬಿತ್ತು. ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹ 1422ರಲ್ಲಿ ಪಟ್ಟಕ್ಕೆ ಬಂದ. ಮುಂದೆ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ಎತ್ತಿ ತಂದವನು ಅವನೇ. ಅವನ ಆಳ್ವಿಕೆಯ ಆರಂಭದಲ್ಲೇ ಘೋರ ಬರ ಬಿತ್ತು. ಸುಲ್ತಾನ ಒಂದು ದಿಬ್ಬವೇರಿ, ನೆಲಕ್ಕೆ ಹಣೆ ಹಚ್ಚಿ ಪ್ರಾರ್ಥಿಸಿದನಂತೆ. ಮೋಡ ಕವಿದು ಮಳೆ ಸುರಿಯಿತಂತೆ. ಅಂದಿನಿಂದ ಜನ ಅವನನ್ನು ವಲಿ, ಅಂದರೆ ಸಂತ ಎಂದರು. ಅಷ್ಟೂರಿನಲ್ಲಿರುವ ಅವನ ಗೋರಿಗೆ ಮುಸ್ಲಿಮರಂತೆ ಲಿಂಗಾಯತರೂ ನಡೆದುಕೊಂಡರು. ಅವರ ಪಾಲಿಗೆ ಆತ ಅಲ್ಲಮಪ್ರಭು. ಅಲ್ಲಿನ ಉರುಸು ಹಿಂದೂ ಪಂಚಾಂಗದಂತೆ ಹೋಳಿಯ ಹಿಂದುಮುಂದು ನಡೆದು ಬಂತು, ಮಾಡಿಯಾಳದ ಜಂಗಮರು ಅದರ ಮುಂದಾಳಾದರು.

ಊರಿನ ಇನ್ನೊಂದು ಮಗ್ಗುಲಲ್ಲಿ ಝರಣಿ ನರಸಿಂಹನ ಗುಹೆಯಿತ್ತು. ನರಸಿಂಹ ಜಲಾಸುರನನ್ನು ಕೊಂದ, ಸಾಯುತ್ತಿದ್ದ ರಾಕ್ಷಸ ನೀರಾಗಿ ದೇವರ ಪಾದದಡಿ ಹರಿದ ಎಂಬುದು ಅಲ್ಲಿಯ ಸ್ಥಳಪುರಾಣ. ಭಕ್ತರು ಉದ್ದನೆಯ ಗುಹೆಯಲ್ಲಿ ಎದೆಮಟ್ಟದ ನೀರು ಸೀಳಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೇವರ ಬಳಿ ಹೋಗುತ್ತಿದ್ದರು. ಮತ್ತೊಂದು ಮಗ್ಗುಲಲ್ಲಿ ನಾನಕ್ ಝೀರಾ. ಗುರುನಾನಕರು ಬಂದಾಗ ಊರಿನಲ್ಲಿ ಕುಡಿಯಲು ಸಿಹಿನೀರಿರಲಿಲ್ಲ. ಗುರುಗಳು ಪಾದದಿಂದ ಕಲ್ಲೊಂದನ್ನು ಸರಿಸಿದರು, ಅಡಿಯಿಂದ ತಿಳಿನೀರು ಚಿಮ್ಮಿತು. ಈ ಚಿಲುಮೆ ಬತ್ತಿದ್ದನ್ನು ಕಂಡವರಿರಲಿಲ್ಲ. ಸುಲ್ತಾನ, ನರಸಿಂಹ, ಗುರು: ಮೂರು ಧರ್ಮಗಳ ಮೂರು ಕತೆಗಳು ಒಂದೇ ಪವಾಡವನ್ನು ಹೇಳಿದವು. ಒಣಗಿದ ನೆಲಕ್ಕೆ ನೀರು ಬಂತು! ಸುರಂಗದ ಕತೆಯೊಂದೇ ಇವುಗಳಿಂದ ಬೇರೆಯಾಗಿ, ನೀರಿನ ಸೊಲ್ಲೇ ಇಲ್ಲದೆ ಉಳಿದಿತ್ತು.

ಆ ಕತೆಯಲ್ಲಿ ಒಂದು ಬಿರುಕೂ ಇತ್ತು. 1657ರಲ್ಲಿ ಔರಂಗಜೇಬ ಬೀದರಿಗೆ ಮುತ್ತಿಗೆ ಹಾಕಿದ. ಒಳಗಿದ್ದವನು ಬಿಜಾಪುರದ ಆದಿಲಶಾಹಿಗಳ ಕಿಲ್ಲೇದಾರ, ಮುದುಕ ಸಿದ್ದಿ ಮರ್ಜಾನ್. ಮೂರು ಸುತ್ತಿನ ಕಂದಕವನ್ನು ಕಲ್ಲಿನಲ್ಲೇ ಕಡಿದಿದ್ದ ಕೋಟೆ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ಹೊರಗಿನಿಂದ ಹಾರಿಬಂದ ಅಗ್ನಿಬಾಣವೊಂದು ಬುರುಜಿನ ಹಿಂದಿದ್ದ ಮದ್ದಿನ ರಾಶಿಯ ಮೇಲೆ ಬಿತ್ತು. ಸ್ಫೋಟದಲ್ಲಿ ಸುಟ್ಟುಹೋದ ಮರ್ಜಾನ್ ಸಾಯುವ ಮುಂಚೆ ಕೋಟೆಯ ಕೀಲಿಗಳನ್ನು ಮಕ್ಕಳ ಕೈಯಲ್ಲಿ ಕಳುಹಿಸಿಕೊಟ್ಟ. ಮುತ್ತಿಗೆ ನಡೆದದ್ದು 27 ದಿನ. ಅಷ್ಟು ದಿನಗಳಲ್ಲಿ ಯಾರೂ ಯಾವ ಸುರಂಗದಿಂದಲೂ ಪಾರಾಗಲಿಲ್ಲ. ಆದರೂ ಕತೆ ಸಾಯಲಿಲ್ಲ. ಕೋಟೆ ಬಿದ್ದ ಮೇಲೆ ಇನ್ನೂ ಬಲಿಯಿತು.

ಕಾಲ ಕಳೆಯಿತು. ನಿಜಾಮರ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥ ಗುಲಾಂ ಯಜ್ದಾನಿ ಬೀದರಿನಲ್ಲಿ ವರ್ಷಗಟ್ಟಲೆ ದುಡಿದರು. ಮಣ್ಣು ಮುಚ್ಚಿದ್ದ ಮಹಲುಗಳನ್ನು ಬಿಡಿಸಿದರು, ಕುಸಿಯುತ್ತಿದ್ದ ಕಮಾನುಗಳನ್ನು ನಿಲ್ಲಿಸಿದರು, 1947ರಲ್ಲಿ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ದೊಡ್ಡ ಗ್ರಂಥವನ್ನೇ ತಂದರು. ರಂಗೀನ್ ಮಹಲಿನ ಕಪ್ಪುಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ, ತಖ್ತ್ ಮಹಲಿನ ಹೆಂಚಿನ ಬಣ್ಣ, 1472ರ ಮಹಮೂದ್ ಗವಾನನ ಮದರಸದ ಮಿನಾರು ನೋಡಲು ಪ್ರವಾಸಿಗರು ಬಂದರು. ನೌಬಾದಿನ ಬಾವಿಗಳನ್ನು ನೋಡಲು ಬಂದವರು ಕಡಿಮೆ. ಊರು ಬೆಳೆಯಿತು, ಬಯಲಿನಲ್ಲಿ ಲೇಔಟುಗಳೆದ್ದವು. ಬಾವಿಗಳ ಬಾಯಿಗೆ ಕಸ ಬಿತ್ತು, ಕೆಲವಕ್ಕೆ ಮಣ್ಣೂ ಬಿತ್ತು. ಹಳ್ಳ ಮುಚ್ಚಿ ಸಮ ಮಾಡಿದ ಮೇಲೆ ಅಲ್ಲೊಂದು ಬಾವಿ ಇತ್ತೆಂದು ಹೇಳಲು ಮುದುಕರೇ ಬೇಕಾದರು.

2010ರ ದಶಕದ ಮೊದಲ ವರ್ಷಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳದ ಅಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿ ಬೀದರಿಗೆ ಬಂದರು. ಪಾರಂಪರಿಕ ನಗರಗಳ ಸಂರಕ್ಷಣೆಗೆ ದುಡಿಯುತ್ತಿದ್ದ ಇಂಡಿಯನ್ ಹೆರಿಟೇಜ್ ಸಿಟೀಸ್ ನೆಟ್‌ವರ್ಕ್ ಅವರೊಂದಿಗಿತ್ತು. ಬೇರೆ ಊರಿನವರಾದ ಅವರಿಗೆ ಬೀದರಿನ ಕತೆಗಳ ಮೋಹವಿರಲಿಲ್ಲ, ನೆಲದ ಮೋಹವಿತ್ತು. ಸ್ಥಳೀಯರು ಸುಲ್ತಾನನ ಗುಪ್ತದಾರಿ ಎಂದು ತೋರಿಸಿದ ಬಾವಿಗಳನ್ನು ಅವರು ಭೂಗೋಳದವರ ಕಣ್ಣಿನಿಂದ ನೋಡಿದರು. ಒಂದೊಂದೂ ಎಲ್ಲಿದೆ ಎಂದು ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆಯ ಮೇಲೆ ಇಡುತ್ತಾ ಹೋದರು. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಒಂದರ ಹಿಂದೊಂದು ಸಾಲು ಕಟ್ಟಿ, ಎರಡು ಕಿಲೋಮೀಟರಿಗೂ ಹೆಚ್ಚು ದೂರ ಹೊರಟಿದ್ದವು. ಎಣಿಕೆ 20 ದಾಟಿತು.

ಆ ಸಾಲೇ ಸುರಂಗದ ಕತೆಯನ್ನು ಅಲುಗಿಸಿತು. ಪ್ರಾಣ ಉಳಿಸಿಕೊಳ್ಳಲು ಕಳ್ಳದಾರಿ ತೋಡುವ ಅರಸ ಅದರ ತಲೆಯ ಮೇಲೆ ಉದ್ದಕ್ಕೂ ಇಪ್ಪತ್ತು ಬಾಗಿಲು ತೆರೆದಿಡುತ್ತಾನೆಯೇ? ಬಯಲಿನಲ್ಲಿ ಬೀಡುಬಿಟ್ಟ ವೈರಿ ಯಾವುದಾದರೊಂದು ಬಾವಿಗೆ ಬೆಂಕಿ ಹಾಕಿ ಹೊಗೆ ತುಂಬಿದರೆ ಮುಗಿಯಿತು. ಇನ್ನು ಆ ದಾರಿಯ ಇಳಿಜಾರು. ಅದು ಎಲ್ಲಿಯೂ ಏರದೆ, ಒಂದೇ ಹದದಲ್ಲಿ, ಗೊತ್ತೇ ಆಗದಷ್ಟು ನಿಧಾನವಾಗಿ ತಗ್ಗುತ್ತಿತ್ತು. ಓಡುವ ಮನುಷ್ಯನಿಗೆ ಅಂಥ ಹದ ಬೇಕಿರಲಿಲ್ಲ. ಹರಿಯುವ ನೀರಿಗೆ ಬೇಕಿತ್ತು.

ಕೆಳಗಿಳಿದು ನೋಡುವುದು ಬೇರೆಯೇ ಕಷ್ಟ. ಶತಮಾನಗಳ ಹೂಳು ದಾರಿಯನ್ನು ಅರ್ಧ ನುಂಗಿತ್ತು. ಕೆಲವೆಡೆ ತಲೆ ಬಗ್ಗಿಸಿ, ಕೆಲವೆಡೆ ತೆವಳಿ ಸಾಗಬೇಕು. ಮುಂದಿನ ಬಾವಿ ಮುಚ್ಚಿಹೋಗಿದ್ದರೆ ಗಾಳಿಯಿಲ್ಲ, ಬೆಳಕಿಲ್ಲ, ಹಿಂದಿರುಗಲೇಬೇಕು. ಹೀಗೆ ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ ಎಂದು ಜೋಡಿಸಿಕೊಂಡೇ ನಕ್ಷೆ ಬೆಳೆಯಬೇಕಾಯಿತು. ಟೀಮ್ ಯುವಾ ಎಂಬ ಸ್ಥಳೀಯ ತಂಡದ ಗೆಳೆಯರು ಜೊತೆಗೆ ನಿಂತರು. ಗೋಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಉಳಿ, ಗುದ್ದಲಿಗಳ ಗುರುತು ಉಳಿದಿತ್ತು. ಹಸಿ ಗೋಡೆಯಿಂದ ತೊಟ್ಟಿಕ್ಕುತ್ತಿದ್ದ ಹನಿಗಳು ಬರಬರುತ್ತಾ ಪ್ರಶ್ನೆಗೆ ತಾವೇ ಉತ್ತರ ಹೇಳಿದವು.

ನೌಬಾದಿನ ಸುರಂಗ ಬಾವಿ ಕರೇಜ್ ಆಗಿತ್ತು. ಪರ್ಷಿಯಾದ ಮರುಭೂಮಿಯ ಅಂಚಿನಲ್ಲಿ ಸಾವಿರಾರು ವರ್ಷಗಳಿಂದ ಊರುಗಳನ್ನು ಬದುಕಿಸಿದ, ಅಲ್ಲಿನವರು ಕನಾತ್ ಎಂದೂ ಕರೆಯುವ ನೆಲದಡಿಯ ಕಾಲುವೆ. ಅಂತರ್ಜಲವಿರುವ ಎತ್ತರದ ಜಾಗದಲ್ಲಿ ಮೊದಲು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ತಗ್ಗಿನ ಊರಿನ ಕಡೆಗೆ ಸಣ್ಣ ಇಳಿಜಾರಿನಲ್ಲಿ ನೆಲದೊಳಗೇ ಕಾಲುವೆ ಕೊರೆಯುತ್ತಾರೆ. ನಡುನಡುವೆ ಮೇಲಿನಿಂದ ಇಳಿಬಿಟ್ಟ ಬಾವಿಗಳು ಮಣ್ಣು ಎತ್ತಲು, ಗಾಳಿಗೆ, ಮುಂದೆ ಹೂಳು ತೆಗೆಯಲು. ರಾಟೆಯಿಲ್ಲದೆ, ಎತ್ತಿಲ್ಲದೆ ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ಬಿಸಿಲು ಅದನ್ನು ಮುಟ್ಟುವುದಿಲ್ಲ. ಈ ವಿದ್ಯೆಯನ್ನೇ ಅರಬರು ಸ್ಪೇನಿಗೂ ಒಯ್ದರು. ಮ್ಯಾಡ್ರಿಡ್ ನಗರ ಹತ್ತೊಂಬತ್ತನೆಯ ಶತಮಾನದವರೆಗೆ ಇಂಥ ನೆಲದಡಿಯ ಕಾಲುವೆಗಳ ನೀರನ್ನೇ ಕುಡಿಯಿತು.

ಬೀದರಿಗೆ ಅದು ಬಂದ ದಾರಿಯನ್ನು ಊಹಿಸಲು ಸಂತ ಸುಲ್ತಾನನ ಕತೆಗೇ ಮರಳಬೇಕಾಯಿತು. ಅಹಮದ್ ಶಾಹನಿಗೆ ಇರಾನಿನ ಕೆರ್ಮಾನ್ ಸೀಮೆಯ ಸೂಫಿ ಶಾಹ ನಿಯಾಮತುಲ್ಲಾ ವಲಿಯ ಮೇಲೆ ಅಪಾರ ಭಕ್ತಿ. ಬೀದರಿಗೆ ಬನ್ನಿ ಎಂದು ಹೇಳಿಕಳುಹಿಸಿದ. ವೃದ್ಧ ಸಂತ ತಾನು ಬರದೆ ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದ. ಸಂತ ತೀರಿಕೊಂಡ ಮೇಲೆ ಮಾಹಾನ್ ಎಂಬ ಊರಿನಲ್ಲಿ ಅವನ ಸಮಾಧಿಯ ಗುಮ್ಮಟವನ್ನು 1436ರಲ್ಲಿ ಕಟ್ಟಿಸಿಕೊಟ್ಟವನು ಬೀದರಿನ ಸುಲ್ತಾನ. ಆ ಕೆರ್ಮಾನ್ ಸೀಮೆ ಬದುಕಿದ್ದೇ ಕನಾತುಗಳಿಂದ. ಕವಿಗಳು, ಸೂಫಿಗಳು, ಹೆಂಚಿನ ಕುಸುರಿಗಾರರು ನಡೆದು ಬಂದ ದಾರಿಯಲ್ಲಿ ನೆಲ ಕೊರೆಯುವವರೂ ಬಂದಿರಬೇಕು. ಮೊದಲಿನವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಕೊರೆದವರದು ಉಳಿಯಲಿಲ್ಲ, ಒಬ್ಬರದೂ ಇಲ್ಲ. ಇಡೀ ಬೀದರಿನಲ್ಲಿ ಅತ್ಯಂತ ಕಷ್ಟದ ಕೆಲಸ ಮಾಡಿದವರು ಅವರು.

ಇರಾನಿನಲ್ಲಿ ಆ ಕಸುಬಿನವರಿಗೆ ಮುಕನ್ನಿ ಎಂಬ ಹೆಸರು. ಕುಸಿತ ಮತ್ತು ಉಸಿರುಗಟ್ಟುವಿಕೆ ಎಷ್ಟು ಜನರನ್ನು ತೆಗೆದುಕೊಂಡವೆಂದರೆ ಅವರು ಕನಾತನ್ನು ಕೊಲೆಗಾರ ಎಂದೇ ಕರೆಯುತ್ತಿದ್ದರು. ಪ್ರಾರ್ಥನೆ ಮಾಡದೆ ಇಳಿಯುತ್ತಿರಲಿಲ್ಲ, ಶಕುನ ಕೆಟ್ಟ ದಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ಕೈಯಲ್ಲಿ ಎಣ್ಣೆಯ ದೀಪ. ದೀಪ ಬೆಳಕಿಗೂ ಬೇಕು, ಸಾಲು ತಪ್ಪದಂತೆ ಹಿಂದಿನ ದೀಪಕ್ಕೆ ಹೊಂದಿಸಿ ನೋಡಲಿಕ್ಕೂ ಬೇಕು, ಗಾಳಿಯ ಕಾವಲಿಗೂ ಬೇಕು. ಅದು ನಂದಿದರೆ ಓಡಬೇಕು. ಇಳಿಜಾರು ಕೊಂಚ ಹೆಚ್ಚಾದರೆ ನೀರು ರಭಸದಿಂದ ನೆಲವನ್ನೇ ಕೊರೆದು ಕಾಲುವೆ ಕುಸಿಯುತ್ತದೆ, ಕೊಂಚ ಕಡಿಮೆಯಾದರೆ ನಿಂತು ಹೂಳುತ್ತದೆ. ಕತ್ತಲಿನಲ್ಲಿ, ಹಗ್ಗ ಮತ್ತು ಮಟ್ಟಗೋಲು ಹಿಡಿದು, ಈ ಹದವನ್ನು ಎರಡು ಕಿಲೋಮೀಟರು ಕಾಯಬೇಕಿತ್ತು. ಪರ್ಷಿಯಾದ ಗಣಿತಜ್ಞ ಅಲ್ ಕರಜಿ ಗುಪ್ತ ಜಲವನ್ನು ಹೊರತೆಗೆಯುವ ಈ ವಿದ್ಯೆಯ ಮೇಲೆ ಸಾವಿರ ವರ್ಷಗಳ ಹಿಂದೆಯೇ ಒಂದು ಗ್ರಂಥ ಬರೆದಿದ್ದ. ಬೀದರಿನಲ್ಲಿ ಮಾತ್ರ ಎದುರಾದದ್ದು ಇರಾನಿನ ಮೆದು ಮಣ್ಣಲ್ಲ, ಗುದ್ದಲಿಯ ಮೊನೆ ಮುರಿಯುವ ಜಂಬಿಟ್ಟಿಗೆ.

ಆ ಪಾಡು ಎಂಥದ್ದೆಂದು ತಿಳಿಯಲು ಆರು ಶತಮಾನ ಹಿಂದೆ ಹೋಗಬೇಕಾಗಿರಲಿಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ಇದೇ ಕಲ್ಲನ್ನು ಮುರಕಲ್ಲು ಎಂದು ಕರೆದು, ಅಡ್ಡಕ್ಕೆ ಸುರಂಗ ಕೊರೆದು ನೀರು ತೆಗೆಯುವುದನ್ನು ರೈತರು ಬಿಟ್ಟಿರಲಿಲ್ಲ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ. 1978ರಲ್ಲಿ ಧಣಿಯಿಂದ ಸಿಕ್ಕಿದ್ದು ನೀರಿಲ್ಲದ ಬೋಳುಗುಡ್ಡದ ತುಂಡು. ಹಗಲು ಕೂಲಿ ಮುಗಿಸಿ ಬಂದು, ದೀಪ ಹಚ್ಚಿಕೊಂಡು, ಒಬ್ಬರೇ ಗುಡ್ಡದೊಳಗೆ ಕೊರೆದರು. ಮೊದಲ ಸುರಂಗಗಳು ಒಂದರ ಹಿಂದೊಂದು ಒಣಗಿದ್ದೇ ಬಂದವು. ವರ್ಷಗಳ ಬೆವರು ವ್ಯರ್ಥವಾಯಿತು, ನೋಡಿದವರು ನಕ್ಕರು. ನಾಯ್ಕರು ಜಾಗ ಬದಲಿಸಿ ಮತ್ತೆ ಕೊರೆದರು. ಕೊನೆಗೆ ಗೋಡೆ ತೇವವಾಯಿತು, ನೀರು ಬಂತು, ಬೋಳುಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನೌಬಾದಿನ ಹೆಸರಿಲ್ಲದ ಕೊರೆತಗಾರರ ಮುಖ ನೋಡಬೇಕೆಂದರೆ ಈ ಮುಖವನ್ನೇ ನೋಡಬೇಕು.

ಬೀದರಿನ ನಕ್ಷೆ ಬೆಳೆದಂತೆ ನೌಬಾದಿನದು ಒಂಟಿಯಲ್ಲವೆಂದು ತಿಳಿಯಿತು. ಶುಕ್ಲತೀರ್ಥದ ಕರೇಜ್ ಇನ್ನೂ ಉದ್ದದ್ದು. ಅದರ ತಾಯಿಬಾವಿ ಗೋರ್ನಳ್ಳಿ ಕೆರೆಯ ಬಳಿ ಸಿಕ್ಕಿತು. ಜಮ್ನಾ ಮೋರಿ ಎಂಬ ಮೂರನೆಯದು ಹಳೆಯ ಪಟ್ಟಣದ ಓಣಿಗಳಡಿ ಕವಲೊಡೆದು ನೀರು ಹಂಚುತ್ತಿದ್ದ ಜಾಲ. ಅತ್ತ ವಿಜಯಪುರದಲ್ಲೂ ಆದಿಲಶಾಹಿಗಳ ಕಾಲದ ಸುರಂಗ ಬಾವಡಿ ಇತ್ತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅದನ್ನು ಕಾಪಾಡಬೇಕಾದ ಜಗತ್ತಿನ ತಾಣಗಳ 2020ರ ಪಟ್ಟಿಗೆ ಸೇರಿಸಿತು.

2015ರ ಆಸುಪಾಸಿನಲ್ಲಿ ಬೀದರ್ ಮತ್ತೆ ಬರಕ್ಕೆ ಸಿಕ್ಕಿ ನರಳುತ್ತಿತ್ತು. ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಕೆರೆಗಳ, ತೆರೆದ ಬಾವಿಗಳ ಹೂಳೆತ್ತಿಸುವುದಕ್ಕೆ ಇಳಿದಿದ್ದರು. ಕರೇಜಿನ ಸರದಿಯೂ ಬಂತು. ಕೂಲಿಕಾರರು ಬಾವಿಗಿಳಿದು ಬುಟ್ಟಿ ಬುಟ್ಟಿಯಾಗಿ ಹೂಳು ಮೇಲೆತ್ತಿದರು. ಮುಕನ್ನಿಗಳು ಮಣ್ಣೆತ್ತಿದ್ದ ಅದೇ ಬಾವಿಗಳ ಬಾಯಲ್ಲಿ ಮತ್ತೆ ಮಣ್ಣಿನ ಗುಡ್ಡೆ ಬಿತ್ತು. ಸುಲ್ತಾನನ ಖಜಾನೆ ಸಿಗಲಿಲ್ಲ. ಹೂಳು ಸರಿದ ಕಡೆ ತಳದಲ್ಲಿ ನೀರು ಜಿನುಗಿತು, ಕೂಡಿಕೊಂಡಿತು, ಹರಿಯಿತು. ನೂರಾರು ವರ್ಷ ಯಾರೂ ಮುಟ್ಟದಿದ್ದರೂ ಸೆಲೆ ಸತ್ತಿರಲಿಲ್ಲ.

ವಿವರಣೆ ಚಿಕ್ಕದು. ಬೀದರಿನ ಪ್ರಸ್ಥಭೂಮಿಯ ಮೇಲಿನ ಹೊದಿಕೆ ಜಂಬಿಟ್ಟಿಗೆ, ಅಡಿಯಲ್ಲಿ ಗಟ್ಟಿ ಕಪ್ಪುಶಿಲೆ. ಜಂಬಿಟ್ಟಿಗೆ ಜರಡಿಯಂತೆ ಮಳೆನೀರನ್ನು ಕೆಳಕ್ಕಿಳಿಸುತ್ತದೆ. ಕೆಳಗಿನ ಜೇಡಿ ಮತ್ತು ಕಪ್ಪುಶಿಲೆ ಅದನ್ನು ತಡೆದು ನಿಲ್ಲಿಸುತ್ತವೆ. ನಿಂತ ನೀರು ಬಂಡೆಯ ಬಿರುಕುಗಳನ್ನು ಹಿಡಿದು ಅಡ್ಡಕ್ಕೆ ಸರಿದು, ಗುಡ್ಡದ ಅಂಚಿನಲ್ಲಿ ಚಿಲುಮೆಯಾಗಿ ಹೊರಬೀಳುತ್ತದೆ. ನರಸಿಂಹನ ಪಾದದಡಿಯ ನೀರು ಅದೇ, ಗುರುನಾನಕರ ಕಲ್ಲಿನಡಿಯ ನೀರೂ ಅದೇ. ಆ ಬಿರುಕುಗಳ ಸಾಲನ್ನು ಮೇಲಿನಿಂದಲೇ ಗುರುತಿಸಿ, ಅದರ ಗುಂಟ ಕಾಲುವೆ ಕೊರೆದದ್ದು ಕರೇಜಿನವರ ಜಾಣ್ಮೆ. ಗೋವಿಂದನ್‌ಕುಟ್ಟಿಯವರ ನಕ್ಷೆಯಲ್ಲಿ ಬಾವಿಗಳ ಸಾಲು ಬಿರುಕುಗಳ ಸಾಲಿನ ಜೊತೆಗೇ ನಡೆದಿತ್ತು. ಬೆಂಗಳೂರಿನ ಬಾಣಸವಾಡಿ, ಕೆ.ಆರ್. ಪುರದ ಬಡಾವಣೆಗಳಲ್ಲಿ ಬೋರ್‌ವೆಲ್ಲು ಸಾವಿರ ಅಡಿ ಇಳಿದರೂ ನೀರು ಸಿಗದೆ ಟ್ಯಾಂಕರಿಗೆ ಕಾಯುವ ಈ ಕಾಲದಲ್ಲಿ, ಒಂದು ಮೋಟಾರೂ ಇಲ್ಲದೆ ನೀರು ತಂದವರ ಲೆಕ್ಕಾಚಾರ ಬೆರಗು ಹುಟ್ಟಿಸುತ್ತದೆ.

ಕರೇಜಿನ ಒಂದು ಬಾವಿ ಮುಚ್ಚಿದರೆ ಅದರ ಕೆಳಗಿನ ಕಾಲುವೆ ಹೂಳಿನಿಂದ ಕಟ್ಟಿಕೊಳ್ಳುತ್ತದೆ, ಹಿಂದಿನ ನೀರು ಮುಂದೆ ಬರುವುದಿಲ್ಲ. ನೌಬಾದಿನ ಸಾಲಿನಲ್ಲಿ ಮನೆ, ರಸ್ತೆಗಳಡಿ ಸೇರಿಹೋದ ಬಾವಿಗಳಿವೆ; ಉಳಿದವುಗಳ ಪಕ್ಕದಲ್ಲಿ ಇವತ್ತೂ ನಿವೇಶನಗಳು ಮಾರಾಟವಾಗುತ್ತಿವೆ. ಅಲ್ಲಿ ಅಡಿಪಾಯ ತೋಡುವವರು ಮೊದಲು ನಕ್ಷೆ ನೋಡಲಿ.